72 ಗಂಟೆಗಳ ವಸೂಲಿ

“ಇನ್ನು ಉಳಿದಿರುವುದು 1 ಗಂಟೆ 10 ನಿಮಿಷ ಮಾತ್ರ,” ಎಂದು ರಾಯರು ಕೈಗಡಿಯಾರವನ್ನೂ ನೋಟುಬುಕ್ಕನ್ನೂ ಒಟ್ಟಿಗೇ ನೋಡುತ್ತ ಘೋಷಿಸಿದಾಗ, ಆಮ್‌ಸ್ಟರ್‌ಡ್ಯಾಮಿನ ಪ್ರಿನ್ಸೆನ್‌ಗ್ರಾಖ್ಟ್ ಕಾಲುವೆಯ ದಂಡೆಯ ಬೆಂಚಿನ ಮೇಲೆ ಪದ್ದಮ್ಮನವರು ಎಡಗಾಲಿನ ಬೂಟು ಬಿಚ್ಚಿ ಪಾದ ಒತ್ತಿಕೊಳ್ಳುತ್ತಿದ್ದರು.

“ಯಾರಿಗೆ?” ಎಂದು ನಾಣಿ ಗಾಬರಿಯಿಂದ ಕೇಳಿದ.

“ಕಾರ್ಡಿಗೆ.”

“ಸದ್ಯ! ನೀವು ಹೇಳಿದ ಧಾಟಿ ಕೇಳಿ ಬಾಯಿಗೆ ನೀರು ಬಿಡುವ ಹೊತ್ತು ಬಂದಿತೇನೋ ಎಂದುಕೊಂಡೆ. ಈ ಊರಿನಲ್ಲಿ ನೀರಿಗೇನೂ ಬರವಿಲ್ಲ, ಆದರೆ ತುಳಸಿ ಎಲ್ಲಿ ಸಿಗುತ್ತದೆಯೋ ತಿಳಿಯದು.”

ರಾಯರು ನಗಲಿಲ್ಲ. ಒಂದೇ ಕಾರ್ಡಿನಲ್ಲಿ ಟ್ರಾಮು, ಬಸ್ಸು, ಮೆಟ್ರೋ, 70ಕ್ಕೂ ಹೆಚ್ಚು ಮ್ಯೂಸಿಯಂಗಳು, ಕಾಲುವೆಯಲ್ಲಿ ಒಂದು ದೋಣಿವಿಹಾರ, ಒಂದು ದಿನದ ಬಾಡಿಗೆ ಸೈಕಲ್ಲು ಎಲ್ಲವೂ ಅಡಗಿರುವಾಗ, ಅದನ್ನು ಕೊಳ್ಳದೆ ಊರು ನೋಡಲು ಬಂದ ನಾಣಿಯಂಥವನ ಮಾತಿಗೆ ಬೆಲೆ ಕೊಡುವ ಅಗತ್ಯ ಅವರಿಗೆ ಕಾಣಲಿಲ್ಲ. ತಲೆಗೆ ನೂರು ಯೂರೋದ ಆಸುಪಾಸು ಕೊಟ್ಟು, ತಮಗೂ ಪದ್ದಮ್ಮನವರಿಗೂ 72 ಗಂಟೆಗಳ ಕಾರ್ಡು ಕೊಂಡು, ಮಂಗಳವಾರ ಸಂಜೆ 5 ಗಂಟೆ 10 ನಿಮಿಷಕ್ಕೆ ಟ್ರಾಮಿನ ಬಾಗಿಲಲ್ಲಿ ಅದನ್ನು ಮೊದಲ ಬಾರಿ ಒತ್ತಿದ ಕ್ಷಣದಿಂದ ಅವರು ಪ್ರವಾಸಿಯಾಗಿರಲಿಲ್ಲ. ನಿವೃತ್ತಿಯಾಗಿ ಎಂಟು ವರ್ಷವಾದರೂ ಒಳಗೆ ಬದುಕಿದ್ದ ಬ್ಯಾಂಕಿನ ಆಡಿಟರು ಎದ್ದು ಕುಳಿತಿದ್ದ.

“ಗಂಟೆಗೆ ಒಂದೂವರೆ ಯೂರೋಗೆ ಸ್ವಲ್ಪ ಕಡಿಮೆ ಬೀಳುತ್ತದೆ,” ಎಂದರು ರಾಯರು. “ಅಂದರೆ ರಾತ್ರಿ ಏಳು ಗಂಟೆ ಮಲಗಿದರೆ ಹತ್ತು ಯೂರೋ ನಷ್ಟ. ಈ ಕಾರ್ಡು ದಿನ ಎಣಿಸುವುದಿಲ್ಲ, ಗಂಟೆ ಎಣಿಸುತ್ತದೆ.”

“ಹತ್ತು ಯೂರೋದ ನಿದ್ರೆ ಮಾಡಿ ಕನಸೇನಾದರೂ ಬೀಳದೆ ಹೋಗಿದ್ದರೆ ಪೂರ್ತಿ ಲುಕ್ಸಾನು,” ಎಂದ ನಾಣಿ.

“ನಿದ್ರೆ ಮಾಡಲು ಬಿಟ್ಟರೆ ತಾನೇ ಕನಸು ಬೀಳುವುದು?” ಎಂದರು ಪದ್ದಮ್ಮ. “ಮ್ಯೂಸಿಯಂ ತೆರೆಯುವುದು ಬೆಳಿಗ್ಗೆ 9ಕ್ಕೆ. ನನ್ನನ್ನು 5ಕ್ಕೇ ಎಬ್ಬಿಸಿದರು. ಸೀನನ ಮನೆಯವರೆಲ್ಲ ಇವರ ಕೆಮ್ಮಿಗೇ ಎದ್ದು ಕುಳಿತರು.”

ಆಮ್‌ಸ್ಟೆಲ್‌ವೇನಿನಲ್ಲಿ ಮನೆ ಮಾಡಿಕೊಂಡು, ಅತ್ತೆ ಮಾವಂದಿರಿಗೆ ಊರು ತೋರಿಸಲೆಂದು ಮೂರು ದಿನ ರಜೆ ಹಾಕಿದ್ದ ಸೀನ, ಈ ಮಾತನ್ನು ಅಲ್ಲಗಳೆಯಬೇಕೋ ಬೇಡವೋ ತಿಳಿಯದೆ ಕಾಲುವೆಯ ಕಡೆ ನೋಡಿದ.

“ಆಗಲಿ, ವಸೂಲಿ ಎಲ್ಲಿಗೆ ಬಂದಿದೆ ಹೇಳಿ,” ಎಂದು ನಾಣಿ ಕೇಳಿದ್ದೇ ತಡ, ರಾಯರು ನೋಟುಬುಕ್ಕು ತೆರೆದರು. ಎಡಕ್ಕೆ ಸ್ಥಳದ ಹೆಸರು, ಮಧ್ಯದಲ್ಲಿ ಕಾರ್ಡಿಲ್ಲದವರು ತೆರಬೇಕಾದ ದರ, ಬಲಕ್ಕೆ ತಗುಲಿದ ಸಮಯ. ರೈಕ್ಸ್‌ಮ್ಯೂಸಿಯಂ ಎಂಬ ಸಾಲಿನ ಬಲಕ್ಕೆ ‘50 ನಿಮಿಷ’ ಎಂದಿತ್ತು. ಆ ಐವತ್ತರಲ್ಲಿ ರೆಂಬ್ರಾಂಟನ ‘ನೈಟ್ ವಾಚ್’ ಚಿತ್ರದ ಪಾಲು ಎಷ್ಟೆಂದು ನಾಣಿ ಕೇಳಿದಾಗ, ಫೋಟೋ ಹಿಡಿಯಲು ತಗುಲಿದ್ದನ್ನೂ ಸೇರಿಸಿದರೆ ನಲವತ್ತು ಸೆಕೆಂಡು ಎಂಬ ಉತ್ತರ ಬಂತು.

“ಸುಮಾರು ನಾಲ್ಕು ಮೀಟರು ಉದ್ದಗಲದ ಚಿತ್ರ. ಮೀಟರಿಗೆ ಹತ್ತು ಸೆಕೆಂಡಿನಂತೆ ಬಟ್ಟೆ ಅಂಗಡಿಯಲ್ಲಿಯೂ ಯಾರೂ ಅಳೆದು ಕೊಡುವುದಿಲ್ಲ,” ಎಂದ ನಾಣಿ. “ಅದೇ ಮ್ಯೂಸಿಯಂನವರು ಜನರ ಎದುರಿಗೇ, ಗಾಜಿನ ಕೋಣೆಯೊಳಗೆ, ಆ ಚಿತ್ರವನ್ನು ಇಂಚಿಂಚಾಗಿ ಪರೀಕ್ಷಿಸಲು 2019ರಲ್ಲಿ ತೊಡಗಿದರು. ಅದಕ್ಕೆ ವರ್ಷಗಳೇ ಹಿಡಿದವು. ಅವರಲ್ಲಿ ಕಾರ್ಡು ಇರಲಿಲ್ಲವೆಂದು ಕಾಣುತ್ತದೆ.”

“ಅವರಿಗೆ ಸಂಬಳ ಬರುತ್ತದೆ,” ಎಂದರು ರಾಯರು.

“ಹಾಗಾದರೆ ಚಿತ್ರದೊಳಗಿನವರ ವಿಷಯಕ್ಕೆ ಬನ್ನಿ. ಅವರು ನಿಮ್ಮದೇ ಗೋತ್ರದವರು. 1642ರಲ್ಲಿ ಈ ಊರಿನ ಕಾವಲು ಪಡೆಯ ಕೆಲವರು ತಮ್ಮ ಮುಖ ಆ ಚಿತ್ರದಲ್ಲಿ ಮೂಡಲೆಂದು ತಲಾ ನೂರು ಗಿಲ್ಡರಿನ, ಅಂದರೆ ಇಲ್ಲಿನ ಹಳೆಯ ನಾಣ್ಯದ, ಆಸುಪಾಸು ಕೊಟ್ಟಿದ್ದರಂತೆ. ಮುಂದೆ ನಿಂತವನಿಗೆ ಹೆಚ್ಚು, ಹಿಂದೆ ನಿಂತವನಿಗೆ ಕಡಿಮೆ. ಅದರಲ್ಲಿ ಒಬ್ಬನ ಮುಖದ ಮುಂದೆ ಇನ್ನೊಬ್ಬನ ಕೈ ಅಡ್ಡ ಬಂದಿದೆ. ಅವನು ಆ ದಿನ ಮನೆಗೆ ಹೋಗಿ ಹೆಂಡತಿಗೆ ಯಾವ ಲೆಕ್ಕ ಒಪ್ಪಿಸಿದನೋ! ಸಾಲದ್ದಕ್ಕೆ 1715ರಲ್ಲಿ ಆ ಚಿತ್ರವನ್ನು ನಗರಸಭೆಯ ಕಟ್ಟಡಕ್ಕೆ ಸಾಗಿಸಿದಾಗ, ಎರಡು ಬಾಗಿಲುಗಳ ನಡುವಿನ ಗೋಡೆಗೆ ಅದು ಹಿಡಿಸಲಿಲ್ಲವೆಂದು ನಾಲ್ಕೂ ಅಂಚು ಕತ್ತರಿಸಿಬಿಟ್ಟರು. ಎಡಗಡೆಯ ತುಂಡಿನೊಡನೆ ಅಲ್ಲಿ ನಿಂತಿದ್ದವರೂ ಮಾಯವಾದರು. ಅವರೂ ದುಡ್ಡು ಕೊಟ್ಟವರೇ ಆಗಿದ್ದರೆ, ರಾಯರೇ, ವಸೂಲಿ ಎಂಬುದು ಏನೆಂದು ಅವರ ಮೊಮ್ಮಕ್ಕಳನ್ನು ಕೇಳಬೇಕು.”

ರಾಯರಿಗೆ ಈ ಪ್ರಸಂಗ ನಿಜವಾಗಿಯೂ ನೋವುಂಟುಮಾಡಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಾಗಿಲನ್ನು ಸರಿಸಬಹುದಾಗಿತ್ತು,” ಎಂದರು.

ಮುಂದಿನ ಸಾಲು ಹೊಗೆಸೊಪ್ಪಿನ ಕೊಳವೆಗಳ ಮ್ಯೂಸಿಯಂನದಾಗಿತ್ತು. ಜನ್ಮದಲ್ಲಿ ಬೀಡಿಯನ್ನೂ ಮುಟ್ಟದ ರಾಯರು ಅಲ್ಲಿಗೆ ಹೋಗಿದ್ದಕ್ಕೆ ಅದು ಕಾರ್ಡಿನಲ್ಲಿತ್ತು ಎಂಬುದನ್ನು ಬಿಟ್ಟು ಬೇರೆ ಕಾರಣವಿರಲಿಲ್ಲ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಗಾದೆಯನ್ನು ನಾಣಿ ನೆನಪಿಸಿದಾಗ, ರಾಯರು ‘ಬಿಟ್ಟಿಯಲ್ಲ, ಮುಂಗಡ’ ಎಂದು ತಿದ್ದಿದರು. ಆ ತಿದ್ದುಪಡಿ ಸರಿಯಾಗಿಯೇ ಇತ್ತು, ರೋಗ ಇರುವುದೂ ಅಲ್ಲಿಯೇ. ಬಿಟ್ಟಿಯದಾಗಿದ್ದರೆ ಮನುಷ್ಯ ಬಿಟ್ಟು ಏಳಬಲ್ಲ. ಮುಂಗಡ ಕೊಟ್ಟ ಊಟದ ಎಲೆಯ ಮುಂದಿನಿಂದ ಏಳುವುದು ಎಲ್ಲರಿಂದಲೂ ಆಗುವುದಿಲ್ಲ.

“ಸೈಕಲ್ಲಿನ ಕಥೆಯನ್ನೂ ಹೇಳಿ,” ಎಂದರು ಪದ್ದಮ್ಮ.

ಸೈಕಲ್ಲು ತುಳಿದು ಮೂವತ್ತು ವರ್ಷವಾಗಿದ್ದರೂ ಕಾರ್ಡಿನಲ್ಲಿ ಸೇರಿದೆ ಎಂಬ ಕಾರಣಕ್ಕೆ ರಾಯರು ಬುಧವಾರ ಒಂದನ್ನು ಪಡೆದಿದ್ದರು. ಇಲ್ಲಿನ ಎಷ್ಟೋ ಸೈಕಲ್ಲುಗಳಿಗೆ ಕೈಯಲ್ಲಿ ಬ್ರೇಕಿಲ್ಲ, ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುತ್ತದೆ ಎಂಬುದು ಗೊತ್ತಾದ ಮೇಲೆ, ಒಂದು ಹೂವಿನ ಅಂಗಡಿಯ ಬಕೆಟ್ಟುಗಳ ಬಳಿಯಿಂದ ಆರಂಭಿಸಿ, ಉಳಿದ ದಿನವೆಲ್ಲ ಅದನ್ನು ಕೈಯಲ್ಲಿ ತಳ್ಳಿಕೊಂಡೇ ತಿರುಗಿದರು. ಹಿಂದಿನಿಂದ ಗಂಟೆ ಬಾರಿಸುತ್ತ ಹಾರಿಹೋಗುವ ಶಾಲೆಯ ಮಕ್ಕಳಿಗೆಲ್ಲ ಸೈಕಲ್ಲಿನೊಡನೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

“ಈ ಕಾಲುವೆಗಳಿಂದ ವರ್ಷಕ್ಕೆ 12,000ಕ್ಕೂ ಹೆಚ್ಚು ಸೈಕಲ್ಲುಗಳನ್ನು ಎತ್ತಿ ತೆಗೆಯುತ್ತಾರೆ ಮಾವ,” ಎಂದ ಸೀನ. “ಕಾಲುವೆಯ ಆಳ ಮೂರು ಮೀಟರು, ಒಂದು ಮೀಟರು ಕೆಸರು, ಒಂದು ಮೀಟರು ಸೈಕಲ್ಲು, ಒಂದು ಮೀಟರು ನೀರು ಎಂದು ಇಲ್ಲಿಯವರೇ ತಮಾಷೆ ಮಾಡುತ್ತಾರೆ.”

“ಅವೆಲ್ಲ ಬಾಡಿಗೆಯ ಅವಧಿ ಮುಗಿಯುವ ಮೊದಲು ಹಿಂತಿರುಗಿಸಲಾಗದೆ ಹತಾಶರಾದವರು ಎಸೆದವು,” ಎಂದ ನಾಣಿ.

“ನೀನು ಏನು ಬೇಕಾದರೂ ಹೇಳು, ನನ್ನ ಲೆಕ್ಕದ ಪ್ರಕಾರ ಇಬ್ಬರ ಕಾರ್ಡಿನ ಹಣವೂ ಇಂದು ಮಧ್ಯಾಹ್ನ ಗಿಟ್ಟಿತು,” ಎಂದು ರಾಯರು ಪುಟ ತಿರುಗಿಸಿ ಕೊನೆಯ ಮೊತ್ತದ ಮೇಲೆ ಬೆರಳಿಟ್ಟರು. “ರೈಲು ನಿಲ್ದಾಣದ ಹಿಂದಿನ ದೊಡ್ಡ ನೀರು ದಾಟುವ ಹಡಗು ಇದೆಯಲ್ಲ, ಅದರಲ್ಲಿ ಮೂರು ಬಾರಿ ಹೋಗಿ ಬಂದೆವು. ತಲೆಗೆ ಆರು ಪ್ರಯಾಣ. ಒಂದಕ್ಕೆ ಕನಿಷ್ಠ ಮೂರು ಯೂರೋ ಹಿಡಿದರೂ ಇಬ್ಬರಿಗೆ ಮೂವತ್ತಾರು. ಆದರೆ ಅಲ್ಲಿ ಕಾರ್ಡು ಒತ್ತುವ ಯಂತ್ರವೇ ಕಾಣಲಿಲ್ಲ. ಕೆಟ್ಟಿರಬೇಕು.”

ಸೀನ ನೀರನ್ನೇ ನೋಡುತ್ತಿದ್ದ. “ಮಾವ, ಆ ಹಡಗು ಎಲ್ಲರಿಗೂ ಉಚಿತ,” ಎಂದು ಬಹಳ ಮೆಲ್ಲಗೆ ಹೇಳಿದ. “ಕಾರ್ಡು ಬೇಕಿಲ್ಲ. ಟಿಕೆಟ್ಟೇ ಇಲ್ಲ.”

ಪ್ರಿನ್ಸೆನ್‌ಗ್ರಾಖ್ಟಿನಲ್ಲಿ ಒಂದು ದೋಣಿ ಹಾದುಹೋಯಿತು. ಅದರೊಳಗಿನವರೆಲ್ಲ ಕಿವಿಗೆ ಸಿಕ್ಕಿಸಿದ ಯಂತ್ರದಲ್ಲಿ ಬಂದ ಅಪ್ಪಣೆಯಂತೆ ಒಮ್ಮೆಲೇ ಎಡಕ್ಕೆ ತಿರುಗಿ, ಒಮ್ಮೆಲೇ ಬಲಕ್ಕೆ ತಿರುಗಿ, ಸೇತುವೆಯ ಕೆಳಗೆ ಮರೆಯಾದರು. ರಾಯರು ಪೆನ್ಸಿಲು ತೆಗೆದು ಆರು ಪ್ರಯಾಣಗಳನ್ನು ಒಂದೊಂದಾಗಿ ಹೊಡೆದುಹಾಕಿದರು.

“ಬೇಸರ ಬೇಡ,” ಎಂದ ನಾಣಿ. “ಮೂರು ಸಲ ಹೋಗಿ ಬಂದಿರಿ ಎಂದ ಮೇಲೆ ಅಲ್ಲಿ ನಿಮಗೆ ಗಾಳಿ ಹಿತವಾಗಿದ್ದಿರಬೇಕು. ಅದೊಂದನ್ನೇ ನೀವು ಈ ಊರಿನಲ್ಲಿ ಮತ್ತೆ ನೋಡಬೇಕೆಂದು ನೋಡಿದ್ದು.”

“ಗಾಳಿಗಾಗಿ ಅಲ್ಲ, ವಸೂಲಿಗಾಗಿ,” ಎಂದು ರಾಯರು ಗಂಭೀರವಾಗಿ ಹೇಳಿದರು.

ಕಾಫಿ ಕೊಂಡು ತಂದ ಸೀನ ಬೆಲೆ ಹೇಳದೆ ಲೋಟಗಳನ್ನು ಹಂಚಿದ. ರಾಯರು ಬಿಲ್ಲನ್ನು ಕೇಳಿ ಪಡೆದು ಓದಿದರು. ಬಹಳ ದುಬಾರಿಯಾದದ್ದಕ್ಕೆ ಡಚ್ಚರು ‘ಪೇಪರ್‌ಡ್ಯೂರ್’, ಅಂದರೆ ಮೆಣಸಿನಷ್ಟು ದುಬಾರಿ, ಎಂದು ಇಂದಿಗೂ ಹೇಳುತ್ತಾರೆಂದು ಸೀನ ವಿವರಿಸಿದ.

“ಮೆಣಸಿನ ತವರು ನಮ್ಮ ಪಶ್ಚಿಮ ಕರಾವಳಿ,” ಎಂದ ನಾಣಿ. “1602ರಲ್ಲಿ ಕಂಪನಿ ಕಟ್ಟಿಕೊಂಡು, ಹಡಗು ಏರಿ ಹೋಗಿ, ಮೂಟೆಗಟ್ಟಲೆ ಹೊತ್ತು ತಂದು, 1613ರಿಂದ ಈ ಕಾಲುವೆಗಳನ್ನು ತೋಡಿ, ದಂಡೆಯುದ್ದಕ್ಕೂ ಮನೆ ಕಟ್ಟಿಕೊಂಡರು. ನೋಡಿ, ಪ್ರತಿ ಮನೆಯ ನೆತ್ತಿಯಲ್ಲಿಯೂ ಸಾಮಾನು ಎತ್ತುವ ಕೊಕ್ಕೆ ಇದೆ. ಮೇಲೇರುವ ಮೂಟೆ ಗೋಡೆಗೆ ತಾಗದಿರಲೆಂದು ಎಷ್ಟೋ ಮನೆಗಳನ್ನು ಮುಂದಕ್ಕೆ ವಾಲಿಸಿಯೇ ಕಟ್ಟಿದ್ದಾರೆ. ನನಗಂತೂ, ಇಷ್ಟು ದೂರದಿಂದ ಬಂದವರು ತಲೆ ಎತ್ತಿ ನೋಡುತ್ತಿಲ್ಲವಲ್ಲ, ಆ ನೋಟುಬುಕ್ಕಿನಲ್ಲಿ ಅಂಥದ್ದೇನಿದೆ ಎಂದು ಇವೇ ಬಗ್ಗಿ ನೋಡುತ್ತಿರುವಂತೆ ಕಾಣುತ್ತದೆ. ಮೆಣಸಿನ ಹಣವನ್ನು ವಸೂಲು ಮಾಡುವುದೇ ಆದರೆ ಅಲ್ಲಿಂದ ಲೆಕ್ಕ ಹಿಡಿಯಿರಿ, ನಾನೂ ಪಾಲುದಾರನಾಗುತ್ತೇನೆ.”

ರಾಯರು ಮೊದಲ ಬಾರಿಗೆ ತಲೆ ಎತ್ತಿ ಕೊಕ್ಕೆಗಳನ್ನು ನೋಡಿದರು. ಆದರೆ ಅದೇ ನೋಟದಲ್ಲಿ ಚರ್ಚಿನ ಗಡಿಯಾರವೂ ಕಣ್ಣಿಗೆ ಬಿತ್ತು. “ಅರ್ಧ ಗಂಟೆ ಇದೆ. ಟ್ರಾಮು ಹಿಡಿದರೆ ರೆಂಬ್ರಾಂಟನ ಮನೆಯನ್ನು ಮುಗಿಸಬಹುದು.”

“ಮುಗಿಸುವುದು! ಅವನೇ ಅದನ್ನು ಮುಗಿಸಲಾರದೆ ಹೋದ,” ಎಂದ ನಾಣಿ. “1639ರಲ್ಲಿ 13,000 ಗಿಲ್ಡರಿಗೆ ಕಂತಿನ ಮೇಲೆ ಕೊಂಡ ಮನೆ ಅದು. 1656ರಲ್ಲಿ ದಿವಾಳಿಯಾಗಿ, ಮನೆಯ ಸಾಮಾನೆಲ್ಲ ಪಟ್ಟಿಯಾಗಿ, ಹರಾಜಾಯಿತು. ಹಾಗೆ ಸಾಲದಲ್ಲಿ ಮುಳುಗಿದ್ದ ವರ್ಷಗಳಲ್ಲಿಯೇ ಅವನು ನಮ್ಮ ದೇಶದಿಂದ ಬಂದ ಮೊಗಲ್ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಷಹಜಹಾನನನ್ನೂ ಜಹಾಂಗೀರನನ್ನೂ ಬರೆದ. ಅಂಥವು ಇಪ್ಪತ್ತಕ್ಕೂ ಹೆಚ್ಚು ಉಳಿದಿವೆ. ಅವನು ಈ ದೇಶದ ಗಡಿ ದಾಟಿದವನಲ್ಲ ಎನ್ನುತ್ತಾರೆ. ಅಂಗೈಯಗಲದ ಚಿತ್ರವನ್ನು ಎಷ್ಟು ಹೊತ್ತು ನೋಡಿದ್ದರೆ ರುಮಾಲಿನ ಸುತ್ತು ಹಾಗೆ ಕೈಗೆ ಹತ್ತೀತು! ಅವನು ಕುಳಿತಲ್ಲಿಂದ ನಮ್ಮನ್ನು ನೋಡಿದ, ನಾವು ವಿಮಾನದಲ್ಲಿ ಬಂದು ಅವನನ್ನು ನಲವತ್ತು ಸೆಕೆಂಡಿನಲ್ಲಿ ನೋಡಿದೆವು. ಬಂದ ಪುಟ್ಟ, ಹೋದ ಪುಟ್ಟ.”

“ಈಗ ಅವನ ಸಮಾಧಿ ಎಲ್ಲಿದೆ? ಕಾರ್ಡಿನಲ್ಲಿ ಕಾಣಲಿಲ್ಲ.”

“ಈ ವೆಸ್ಟರ್‌ಕೆರ್ಕ್ ಚರ್ಚಿನಲ್ಲೇ 1669ರಲ್ಲಿ ಹೂಳಿದರು. ಹೆಸರಿಲ್ಲದ, ಬಾಡಿಗೆಯ ಗೋರಿ. ಅವಧಿ ಮುಗಿದ ಮೇಲೆ ಮೂಳೆಗಳನ್ನು ತೆಗೆದು ಜಾಗ ತೆರವು ಮಾಡಿದರಂತೆ.”

“ಎಷ್ಟು ಗಂಟೆಗಳ ಅವಧಿ?” ಎಂದು ಕೇಳಿಬಿಟ್ಟ ಮೇಲೆ ರಾಯರಿಗೆ ತಾವು ಕೇಳಿದ್ದೇನೆಂಬುದು ಹೊಳೆಯಿತು.

“ಇಪ್ಪತ್ತು ವರ್ಷ,” ಎಂದ ನಾಣಿ, ಈ ಬಾರಿ ನಗದೆ.

ಪದ್ದಮ್ಮನವರು ಇದಾವುದನ್ನೂ ಕೇಳುತ್ತಿರಲಿಲ್ಲ. ಸ್ವಲ್ಪ ಆಚೆ, ದಂಡೆಯ ಮೇಲೆ ಸದ್ದಿಲ್ಲದೆ ನಿಂತಿದ್ದ ಜನರ ಸಾಲನ್ನು ತೋರಿಸಿ ಅದೇನೆಂದು ಕೇಳಿದರು. ನಾಜಿಗಳಿಂದ ತಪ್ಪಿಸಿಕೊಂಡು ಅಡಗಿದ್ದಾಗ ಡೈರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕಳ ಮನೆ, ನಂಬರು 263, ಎಂದ ಸೀನ. ಅದು ಕಾರ್ಡಿನಲ್ಲಿ ಇಲ್ಲ. ಆರು ವಾರ ಮೊದಲೇ ಆನ್‌ಲೈನಿನಲ್ಲಿ ಟಿಕೆಟ್ಟು ಪಡೆಯಬೇಕು. ಕಾರ್ಡಿನಲ್ಲಿಲ್ಲದ್ದು ಊರಿನಲ್ಲಿಯೂ ಇಲ್ಲವೆಂದು ಮೂರು ದಿನ ನಡೆದುಕೊಂಡಿದ್ದರಿಂದ, ಅದರ ಎದುರಿಗೇ ಎರಡು ಬಾರಿ ಹಾದುಹೋಗಿದ್ದರೂ ಯಾರೂ ನಿಂತಿರಲಿಲ್ಲ. ಪುಸ್ತಕದ ಕಪಾಟಿನ ಹಿಂದಿನ ಕೋಣೆಗಳಲ್ಲಿ ಎಂಟು ಜನ, ಏಳು ಮಂದಿ 1942ರ ಜುಲೈಯಿಂದ, ಒಬ್ಬರು ಅದೇ ವರ್ಷದ ನವೆಂಬರಿನಿಂದ, 1944ರ ಆಗಸ್ಟ್ 4ರವರೆಗೆ ಹೊರಗೆ ಕಾಲಿಡದೆ ಅಡಗಿದ್ದರು, ಹಗಲಿನಲ್ಲಿ ಕೆಳಗಿನವರಿಗೆ ಕೇಳಿಸದಂತೆ ಪಿಸುಗುಟ್ಟಿಕೊಂಡೇ ಇರಬೇಕಾಗಿತ್ತು, ಅಟ್ಟದ ಕಿಟಕಿಯಿಂದ ಒಂದು ಚೆಸ್ಟ್‌ನಟ್ ಮರ ಕಾಣುತ್ತಿತ್ತು ಎಂದು ಸೀನ ಹೇಳಿದ. ಕಾಲು ಗಂಟೆಗೊಮ್ಮೆ ಬಾರಿಸುವ ಈ ಚರ್ಚಿನ ಗಂಟೆ ಮನೆಯ ಉಳಿದವರಿಗೆ ಕಿರಿಕಿರಿ, ಆ ಹುಡುಗಿಗೆ ಮಾತ್ರ ಇಷ್ಟವಾಗಿತ್ತಂತೆ. ಎಷ್ಟು ಗಂಟೆ ಉಳಿದಿದೆ ಎಂದು ತಿಳಿಸುವ ಕಾರ್ಡು ಅವರಲ್ಲಿ ಯಾರ ಬಳಿಯೂ ಇರಲಿಲ್ಲ.

“ಮರ ಇದೆಯೇ?” ಎಂದು ಪದ್ದಮ್ಮ ಕೇಳಿದರು.

“2010ರಲ್ಲಿ ಗಾಳಿಗೆ ಬಿತ್ತು ಅತ್ತೆ.”

ಗಂಟೆ ಐದು ಹೊಡೆಯಿತು. ಅದು ಮುಗಿಯುವವರೆಗೆ ನಾಣಿಯೂ ಮಾತನಾಡಲಿಲ್ಲ.

“ಮದುವೆಯಾದ ಹೊಸತರಲ್ಲಿ ಮೈಸೂರಿನಿಂದ ಬಸ್ಸಿನಲ್ಲಿ ಹೋಗಿದ್ದೆವು,” ಎಂದು ಪದ್ದಮ್ಮ ಯಾರನ್ನೂ ಉದ್ದೇಶಿಸದೆ ಹೇಳತೊಡಗಿದರು. “ಒಂದೇ ದಿನಕ್ಕೆ ಶ್ರವಣಬೆಳಗೊಳ, ಹಳೇಬೀಡು, ಬೇಲೂರು. ಒಂದೇ ಟಿಕೆಟ್ಟು, ಎಷ್ಟು ಅಗ್ಗ ನೋಡು ಎಂದು ಇವರು ದಾರಿಯುದ್ದಕ್ಕೂ ಹೇಳಿದರು. ಬೇಲೂರಿಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ದರ್ಪಣ ಸುಂದರಿಯ ಮುಖವನ್ನು ನೋಡುತ್ತಿದ್ದಂತೆಯೇ ಬಸ್ಸಿನವನು ಹಾರ್ನು ಬಾರಿಸಿದ; ಇವರು ಕೈ ಹಿಡಿದು ಎಳೆದುಕೊಂಡು ಹೊರಟರು. ಅವಳ ಕೈಯಲ್ಲಿ ಕನ್ನಡಿ ಇರುವುದನ್ನು ನಾನು ಆಮೇಲೆ ಮನೆಯಲ್ಲಿ ಕ್ಯಾಲೆಂಡರಿನಲ್ಲಿ ನೋಡಿದೆ.”

“ಮತ್ತೊಮ್ಮೆ ಹೋಗೋಣ ಎಂದಿದ್ದೆನಲ್ಲ,” ಎಂದರು ರಾಯರು.

“ಎಂದಿದ್ದಿರಿ.”

ಎದುರಿಗೆ ಕಟ್ಟಿಹಾಕಿದ್ದ ಖಾಲಿ ದೋಣಿಯ ಅಂಚಿನಲ್ಲಿ ಒಂದು ಬೂದುಬಣ್ಣದ ಬಕ ಒಂಟಿ ಕಾಲಿನಲ್ಲಿ ನಿಂತಿತ್ತು. ಸೈಕಲ್ಲು, ದೋಣಿ, ಕ್ಯಾಮೆರಾ ಯಾವುದಕ್ಕೂ ಅದು ಕದಲಲಿಲ್ಲ. ರಾಯರು ನೋಟುಬುಕ್ಕನ್ನು ಜೇಬಿಗಿಟ್ಟು, ಬೆಂಚಿನ ತುದಿಯಲ್ಲಿ ಕುಳಿತು, ಅದು ಎಷ್ಟು ಹೊತ್ತಿನಿಂದ ಹೀಗೆ ನಿಂತಿದೆ ಎಂದು ಕೇಳಿದರು.

“ನಾವು ಬರುವುದಕ್ಕೆ ಮುಂಚಿನಿಂದ,” ಎಂದ ನಾಣಿ. “ಬಕಧ್ಯಾನ. ಅದರದ್ದೂ ವಸೂಲಿಯೇ ರಾಯರೇ, ಆದರೆ ಅದು ಒಂದೇ ಮೀನಿಗೆ ಕಾಯುತ್ತದೆ.”

ರಾಯರು ಆರು ನಿಮಿಷ ಬಕವನ್ನು ನೋಡಿದರು. ನೋಡಿದ್ದು ಆರು ನಿಮಿಷ ಎಂಬುದು ಅವರಿಗೆ ಗೊತ್ತಿತ್ತು. ಆಮೇಲೆ ತಡೆಯಲಾರದೆ, “ಸೀನ, ಇಲ್ಲಿಂದ ಮನೆಗೆ ಟ್ರಾಮಿಗೆ ಎಷ್ಟಪ್ಪ?” ಎಂದರು.

“ಈಗಲೇ ಎದ್ದು ಹೋಗಿ ಕಾರ್ಡು ಒತ್ತಿದರೆ ಏನೂ ಇಲ್ಲ ಮಾವ. ಇನ್ನೂ ನಾಲ್ಕು ನಿಮಿಷ ಇದೆ, ಸ್ಟಾಪು ಇಲ್ಲೇ ಮೂಲೆಯಲ್ಲಿದೆ.”

ರಾಯರು ಎದ್ದು ನಿಂತು ಪದ್ದಮ್ಮನವರ ಕಡೆ ನೋಡಿದರು. ಪದ್ದಮ್ಮನವರು ಬಗ್ಗಿ, ಬಲಗಾಲಿನ ಬೂಟನ್ನೂ ಬಿಚ್ಚಿ, ಎರಡನ್ನೂ ಜೋಡಿಸಿ ಬೆಂಚಿನ ಕೆಳಗೆ ಇಟ್ಟರು.