ಬೆಲ್ಲದ ಡಿಎಸ್‌ಸಿ: 100 ಡಿಗ್ರಿ ಆಸುಪಾಸಿನಲ್ಲಿ ದೊಡ್ಡ ತಗ್ಗು, ಗಾಜಿನ ಸ್ಥಿತ್ಯಂತರ ಕಾಣುತ್ತಿಲ್ಲ

ಆಲೆಮನೆ:
ಮೈಸೂರಿನಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ, ಊರು ಮಂಡ್ಯದ ಹತ್ತಿರ. ಮಳೆಗಾಲ ಬಂದರೆ ಮನೆಯ ಅಚ್ಚು ಬೆಲ್ಲ ಜಿನುಗಿ ಅಂಟಂಟಾಗುತ್ತದೆ. ಅದು ಎಷ್ಟು ಡಿಗ್ರಿಗೆ ಮೆತ್ತಗಾಗುತ್ತದೆ ಎಂದು ಡಿಎಸ್‌ಸಿಯಲ್ಲಿ (ಸ್ಯಾಂಪಲ್ ಕಾಯಿಸುತ್ತಾ ಅದು ಹೀರುವ, ಬಿಡುವ ಶಾಖ ಅಳೆಯುವ ಮಷೀನ್) ನೋಡಬೇಕು. 8 ಮಿಲಿಗ್ರಾಂ ಪುಡಿ, ಮುಚ್ಚಳಕ್ಕೆ ತೂತಿರುವ ಅಲ್ಯೂಮಿನಿಯಂ ಪ್ಯಾನ್, ನೈಟ್ರೋಜನ್, ನಿಮಿಷಕ್ಕೆ 10 ಡಿಗ್ರಿಯಂತೆ 30ರಿಂದ 200ರವರೆಗೆ. 60ರಿಂದ 130ರ ತನಕ ಶಾಖ ಹೀರುವ ಅಗಲವಾದ ತಗ್ಗು ಬರುತ್ತದೆ. ಗಾಜಿನ ಸ್ಥಿತ್ಯಂತರದ, ಅಂದರೆ ಗಾಜಿನಂತೆ ಗಟ್ಟಿ ಇದ್ದದ್ದು ಮೆತ್ತಗಾಗುವಾಗ ಗೆರೆಯಲ್ಲಿ ಬರುವ, ಮೆಟ್ಟಿಲು ಇಲ್ಲವೇ ಇಲ್ಲ. ಮೂರು ಸಲ ಮಾಡಿದರೆ ಮೂರು ಥರ. ಮಷೀನ್ ಕೆಟ್ಟಿದೆಯಾ?

ಕುಕ್ಕರಹಳ್ಳಿ:
ಮಷೀನ್ ಪರೀಕ್ಷಿಸಲು ಮೊದಲು ಇಂಡಿಯಂ ಲೋಹ ಓಡಿಸಿ. 156.6 ಡಿಗ್ರಿಗೆ ಕರಗಲು ಶುರುವಾಗಬೇಕು, ಗ್ರಾಂಗೆ ಸುಮಾರು 28.5 ಜೂಲ್ ಬರಬೇಕು.

ಆಲೆಮನೆ:
156.5, 28.4 ಬಂತು.

ಕುಕ್ಕರಹಳ್ಳಿ:
ಹಾಗಾದರೆ ಮಷೀನ್ ಸರಿ ಇದೆ. ನೀವು ನೋಡುತ್ತಿರುವುದು ನೀರು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,257 ಜೂಲ್ ಬೇಕು. ಬೆಲ್ಲದಲ್ಲಿ 5% ತೇವ ಇದ್ದರೂ ಗ್ರಾಂ ಬೆಲ್ಲಕ್ಕೆ 110 ಜೂಲ್ ದಾಟುತ್ತದೆ. ಅಷ್ಟು ದೊಡ್ಡದರ ಪಕ್ಕ ಪುಟ್ಟ ಮೆಟ್ಟಿಲು ಎಲ್ಲಿ ಕಾಣಬೇಕು? ಅನುಮಾನವಿದ್ದರೆ 140ಕ್ಕೆ ನಿಲ್ಲಿಸಿ, ತಣ್ಣಗಾದ ಮೇಲೆ ಪ್ಯಾನ್ ತೂಗಿ. 200ರ ನಂತರದ ತೂಕ ನಂಬಬೇಡಿ, ಅಷ್ಟರಲ್ಲಿ ಸಕ್ಕರೆ ಕೆಡಲು ಶುರುವಾಗಿರುತ್ತದೆ.

ಇನ್ನೊಂದು ಮಾತು, ಇದೇ ಮುಖ್ಯ. 30ರಿಂದ ಶುರು ಮಾಡಿದ್ದೀರಿ, ಅಲ್ವಾ? ಒಣಗಿದ ಗಾಜಿನಂಥ ಸುಕ್ರೋಸ್ 60ರ ಮೇಲೆ ಮೆತ್ತಗಾಗುತ್ತದೆ. ಗ್ಲೂಕೋಸ್ ಸುಮಾರು 31ಕ್ಕೆ, ಫ್ರಕ್ಟೋಸ್ ಸುಮಾರು 5ಕ್ಕೆ. ಬೆಲ್ಲದಲ್ಲಿ ಮೂರೂ ಇವೆ, ಮೇಲೆ ತೇವ ಮೆತ್ತಗಾಗುವ ಡಿಗ್ರಿಯನ್ನು ಇನ್ನೂ ಕೆಳಕ್ಕೆ ಎಳೆಯುತ್ತದೆ. ನೀವು ಓಟ ಶುರು ಮಾಡುವ ಮೊದಲೇ ಅದು ಮೆತ್ತಗಾಗಿರುತ್ತದೆ. ಆವಿ ಹೋಗದಂತೆ ಬಿಗಿಯಾಗಿ ಮುಚ್ಚುವ ಪ್ಯಾನ್ ತಗೊಳ್ಳಿ, ಮೈನಸ್ 40ರಿಂದ ಹೊರಡಿ. 110 ದಾಟಬೇಡಿ, ಒಳಗೆ ಒತ್ತಡ ಏರಿ ಪ್ಯಾನ್ ಸೀಳುತ್ತದೆ. ಪುಡಿ ಮಾಡಿದ ತಕ್ಷಣ ಮುಚ್ಚಿ, ಗಾಳಿಯಲ್ಲಿ ಸುಮ್ನೆ ಇಟ್ಟರೆ ತೇವ ಹೀರುತ್ತದೆ. ನಿಮ್ಮ ಮೂರು ಓಟ ಮೂರು ಥರ ಬಂದಿದ್ದಕ್ಕೆ ಅದೂ ಕಾರಣ ಇರಬಹುದು.

ಆಲೆಮನೆ:
ಎರಡನೇ ಸಲ ಕಾಯಿಸಿದ ಗೆರೆ ತೆಗೆದುಕೊಳ್ಳಲಾ? ಪಾಲಿಮರ್‌ಗೆ ಹಾಗೆ ಮಾಡುತ್ತೇವೆ.

ಕುಕ್ಕರಹಳ್ಳಿ:
ಇಲ್ಲಿ ಬೇಡ. ಬಿಸಿಯಲ್ಲಿ ಹರಳು ಸಕ್ಕರೆ ಒಳಗಿನ ತೇವದಲ್ಲೇ ಕರಗುತ್ತದೆ. ಆಮೇಲೆ ಅದು ನಿಮ್ಮ ಆಲೆಮನೆಯ ಬೆಲ್ಲವಾಗಿ ಉಳಿಯುವುದಿಲ್ಲ. ಮೊದಲ ಗೆರೆಯನ್ನೇ ಓದಿ.

ಆಲೆಮನೆ:
ಮಾಡಿದೆ ಸರ್! ತೂತಿನ ಪ್ಯಾನ್‌ನಲ್ಲಿ 8.12 ಇದ್ದದ್ದು 7.70 ಮಿಲಿಗ್ರಾಂ ಆಯಿತು, ನೀರೇ. ಬಿಗಿ ಪ್ಯಾನ್‌ನಲ್ಲಿ ಮೆಟ್ಟಿಲು ಚೆನ್ನಾಗಿ ಕಂಡಿತು, ಕೋಣೆಯ ಬಿಸಿಗಿಂತ ಕೆಳಗೇ. ಎರಡು ಸ್ಯಾಂಪಲ್, ಎರಡೂ ಒಂದೇ ಥರ. ನಾಳೆ ಮಳೆಗೆ ಜಿನುಗಿದ ಅಚ್ಚನ್ನೂ ಹಾಕುತ್ತೇನೆ.