ಮಗಳಿಗೆ ಓಟಿಯಲ್ಲಿ (ಆಕ್ಯುಪೇಷನಲ್ ಥೆರಪಿ) ಅಡುಗೆ ಮಾಡಿಸ್ತಾರಂತೆ, ಅನುಭವ ಇದ್ದವ್ರು ಹೇಳಿ

ತುಮಕೂರಿನ ಅಮ್ಮ: ಮಗಳಿಗೆ 17, ಅನೊರೆಕ್ಸಿಯಾ, ದಪ್ಪ ಆಗ್ತೀನಿ ಅನ್ನೋ ಭಯಕ್ಕೆ ಊಟ ಬಿಡೋ ಕಾಯಿಲೆ. ಆಸ್ಪತ್ರೆಯಿಂದ ಬಂದು ಎರಡು ತಿಂಗಳು. ಈಗ್ಲೂ ನಾನೇ ಬಡಿಸಿ ಪಕ್ಕದಲ್ಲಿ ಕೂರ್ತೀನಿ. ದಿನದ ಕೆಲಸಗಳನ್ನ ಮತ್ತೆ ರೂಢಿ ಮಾಡಿಸೋ ಆಕ್ಯುಪೇಷನಲ್ ಥೆರಪಿಸ್ಟ್ ಇನ್ಮೇಲೆ ವಾರಕ್ಕೊಂದ್ಸಲ ಅವಳ ಕೈಲೇ ಅಡುಗೆ ಮಾಡಿಸೋಣ ಅಂತಿದಾರೆ. ಶುರು ಮಾಡಿಸ್ಲಾ, ಕಾಯ್ಲಾ?

ಹಾಸನದವಳು: ಕಾಯಿರಿ. ನನ್ ಮಗಳು ಕಾಯಿಲೆ ಜೋರಾಗಿದ್ದಾಗ್ಲೇ ಮೂರ್ಹೊತ್ತೂ ಅಡುಗೆಮನೇಲಿ ಇರೋಳು, ಗೌರಿ ಹಬ್ಬಕ್ಕೆ ನಲವತ್ತು ಒಬ್ಬಟ್ಟು ಒಬ್ಳೇ ತಟ್ಟಿ ನಮಗೆಲ್ಲ ತುಪ್ಪ ಸುರಿದು ಬಲವಂತವಾಗಿ ತಿನ್ಸಿದ್ಲು, ತಾನು ಚೂರೂ ಬಾಯಿಗಿಡ್ಲಿಲ್ಲ, ನಾವು ಹುಷಾರಾದ್ಲು ಅಂತ ಖುಷಿಪಟ್ವಿ. ಆಮೇಲೆ ಡಾಕ್ಟ್ರು ಹೇಳಿದ್ರು, 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ 36 ಗಂಡಸರನ್ನ ತಿಂಗಳುಗಟ್ಲೆ ಅರೆಹೊಟ್ಟೇಲಿ ಇಟ್ಟು ನೋಡಿದಾಗ ಅವರಲ್ಲೂ ಕೆಲವ್ರು ಅಡುಗೆ ಪುಸ್ತಕ ಕೂಡಿಡೋಕೆ ಶುರು ಮಾಡಿದ್ರಂತೆ, ಹಸಿವೇ ಹಂಗೆ ಮಾಡ್ಸೋದು. ಎಫ್‌ಬಿಟಿ, ಅಂದ್ರೆ ಊಟದ ಜವಾಬ್ದಾರಿ ಅಪ್ಪ-ಅಮ್ಮನೇ ವಹಿಸ್ಕೊಳ್ಳೋ ಚಿಕಿತ್ಸೆ, ಶುರುವಾದ್ಮೇಲೆ ಐದು ತಿಂಗಳು ಒಲೆ ಹತ್ರ ಬಿಡ್ಲಿಲ್ಲ. ಓಟಿಗೆ ಅಂತ ಬೆಂಗ್ಳೂರಿಗೆ ಸಲಕ್ಕೆ ಕಾರ್ ಬಾಡಿಗೆ 5,200, ಸೆಷನ್‌ಗೆ 1,500, ಹದಿನಾಲ್ಕು ಸಲ, ಒಟ್ಟು 93,800. ಚೀಟಿ ದುಡ್ಡೆಲ್ಲ ಹೋಯ್ತು.

ಧಾರವಾಡದಾಕಿ: ಅಕ್ಕಾರ, ಎಲ್ಲಾರಿಗೂ ಬ್ಯಾಡ ಅನಬ್ಯಾಡ್ರಿ. ನಾ ಖುದ್ದ ಪೇಷಂಟ್ ಇದ್ದಾಕಿ, ನನ್ನನ್ನ ಕಾಯಿಲೆಯಿಂದ ಮ್ಯಾಲೆತ್ತಿದ್ದ ಈ ಅಡಗಿ. ಮೊದಲ್ನೇ ವಾರ ಬರೇ ಸಂತಿ, ಪ್ಯಾಕೆಟ್ ಹಿಂದಿನ ಲೇಬಲ್ ಓದಂಗಿಲ್ಲ. ಆಮ್ಯಾಲೆ ಒಗ್ಗರಣಿ ಅವಲಕ್ಕಿ, ಚಮಚ ಇಲ್ಲ ತಕ್ಕಡಿ ಇಲ್ಲ, ಎಣ್ಣಿ ಅಂದಾಜಿಲೆ ಹಾಕಬೇಕು. ಕೈ ನಡುಗಿ ಬಾಟ್ಲಿ ಅಲ್ಲೇ ಇಟ್ಟು ಹೊರಗ ಹೋಗಿ ಅತ್ತೆ. ಮೂರು ವಾರ ಅದೊಂದ ಎಣ್ಣಿ ಮ್ಯಾಲೆ ಹೋತು. ಮಾಡಿದ್ದನ್ನ ಥೆರಪಿಸ್ಟ್ ಜೋಡಿ ಕುಂತು ಉಣ್ಣೂದೂ ಸೆಷನ್ನ ರೀ, ಅದಿಲ್ಲಂದ್ರ ಬರೇ ಅಡಗಿ ಕ್ಲಾಸ್. ಎಂಟನೇ ವಾರಕ್ಕ ಗೆಳತ್ಯಾರ ಜೋಡಿ ಗಿರಮಿಟ್ ತಿಂದೆ.

ಹಾಸನದವಳು: ನಿಂಗೆ ಅಷ್ಟೊತ್ತಿಗೆ ತೂಕ ಬಂದಿತ್ತು ಕಣಮ್ಮ. ನನ್ ಮಗಳಿಗೆ ರಕ್ತದಲ್ಲಿ ಫಾಸ್ಫೇಟ್ ಅನ್ನೋ ಲವಣ ಇಳಿದು ಡ್ರಿಪ್ ಹಾಕಿದ್ರು, ಆಗ ಒಗ್ಗರಣೆ ಹಾಕು ಅನ್ಲಾ?

ಧಾರವಾಡದಾಕಿ: ಹಂಗ ನಾ ಎಲ್ಲಿ ಅಂದೇನ್ರಿ? ಐದು ತಿಂಗಳು ಬಾಗ್ಲಾ ಹಾಕಿದ್ರ ಹೆದರಿಕಿ ಹೋಗ್ತದೇನು?

ಬುಲಿಮಿಯಾ ಹುಡುಗ: ನಾನು ಗಂಡಸು, 31. ಬುಲಿಮಿಯಾ ಅಂದ್ರೆ ಒಂದೇ ಸಲಕ್ಕೆ ಸಿಕ್ಕಾಪಟ್ಟೆ ತಿಂದು ವಾಂತಿ ಮಾಡ್ಕೊಳ್ಳೋ ಕಾಯಿಲೆ. ನಂಗೆ ಕಷ್ಟ ಅಡುಗೆ ಅಲ್ಲ, ಆಮೇಲಿನ ಹೊತ್ತು. ಸೆಷನ್ನಲ್ಲಿ ಉಳಿದ ಪಲಾವ್ ಡಬ್ಬಿಗೆ ಹಾಕಿ ಕೊಟ್ಟು ಕಳಿಸಿದ್ರು, ರಾತ್ರಿ ರೂಮಲ್ಲಿ ಒಬ್ನೇ ಪೂರ್ತಿ ತಿಂದು ವಾಂತಿ ಮಾಡ್ಕೊಂಡೆ, ಆಮೇಲೆ ಹನ್ನೊಂದು ದಿನ ಅದೇ. ಈಗ ಒಂದು ಪ್ಲೇಟಿಗಾಗೋಷ್ಟೇ ಮಾಡೋದು. ಮತ್ತೆ ಖರ್ಚು ಅಂತೀರಲ್ಲ, 2017ರ ಮಾನಸಿಕ ಆರೋಗ್ಯ ಕಾಯ್ದೆ ಸೆಕ್ಷನ್ 21(4) ಪ್ರಕಾರ ಬೇರೆ ಕಾಯಿಲೆ ಥರಾನೇ ಇದಕ್ಕೂ ಇನ್ಶೂರೆನ್ಸ್ ಕೊಡ್ಬೇಕು, ಕ್ಲೇಮ್ ಹಾಕಿ.

ಹಾಸನದವಳು: ಹಾಕಿದ್ದೆ. ಅಡ್ಮಿಟ್ ಆಗಿದ್ದಕ್ಕೆ ಕೊಟ್ರು, ಹದಿನಾಲ್ಕೂ ಓಟಿ ಬಿಲ್ ಒಪಿಡಿ, ಅಂದ್ರೆ ಅಡ್ಮಿಟ್ ಆಗ್ದೇ ತೋರಿಸ್ಕೊಂಡಿದ್ದು, ಅಂತ ವಾಪಸ್. ಗೊತ್ತಿಲ್ದೆ ಹೇಳ್ಬೇಡಿ.

ಅತಿಥಿ: ಹೆಣ್ಮಕ್ಕಳು ಅಡುಗೆ ಕಲಿತ್ರೆ ಒಳ್ಳೇದೇ ಬಿಡಿ, ನಾಳೆ ಮದುವೆಗೂ ಆಗುತ್ತೆ.

ಧಾರವಾಡದಾಕಿ: ಯಾರ್ರೀ ನೀವು? ಆಕಿ ತಾ ಉಣ್ಣಾಕ ಕಲೀಲಿಕ್ಕೆ ಅಡಗಿ ಮಾಡ್ತಾಳ, ಮಂದಿಗೆ ಬಡಸಾಕಲ್ಲ. ನಮ್ಮವ್ವನೂ ಹಿಂಗ ಅಂತಿದ್ಲು, ಅದಕ್ಕ ಎರಡು ಸೆಷನ್ ಬಿಟ್ಟೆ.

ಹಾಸನದವಳು: ಇದೊಂದು ಮಾತು ಸರಿ ಹೇಳ್ದೆ.

ತುಮಕೂರಿನ ಅಮ್ಮ: ಶನಿವಾರಕ್ಕೆ ಟೈಮ್ ಕೊಟ್ಟಿದಾರೆ, ಮೊದಲು ಅವಲಕ್ಕಿನೇ ಅಂತೆ. ಅವಳ ಜೊತೆ ಕೂತು ಯಾರು ತಿಂತಾರೆ ಅಂತ ಕೇಳ್ಕೋತೀನಿ.

ಬುಲಿಮಿಯಾ ಹುಡುಗ: ಉಳಿದಿದ್ದು ಮನೆಗೆ ಕಳಿಸ್ಬೇಡಿ ಅಂತಾನೂ ಹೇಳಿ.

ಹಾಸನದವಳು: ಅದು ನಿಮ್ ಕಾಯಿಲೆಗಪ್ಪ, ಅವಳದ್ದು ಬೇರೆ.