ಒಂದು ಮ್ಯಾಗ್ನೆಟ್ ಬರ್ಲಿಲ್ಲ ಅಂದ್ರೆ ಇಡೀ ಲೈನ್ ಯಾಕೆ ನಿಲ್ಲುತ್ತೆ?

ಪೀಣ್ಯ_ಸಿಎನ್‌ಸಿ:
ನಮ್ದು ಚಿಕ್ಕ ಶಾಪ್, ಇವಿ (ಎಲೆಕ್ಟ್ರಿಕ್ ಗಾಡಿ) ಮೋಟಾರಿಗೆ ರೋಟರ್ ಶಾಫ್ಟ್, ಅಂದ್ರೆ ಒಳಗೆ ತಿರುಗೋ ದಂಡ, ಮಾಡಿಕೊಡ್ತೀವಿ. 2025ರಲ್ಲಿ ಚೀನಾದಿಂದ ಆ ಮೋಟಾರಿನ ಮ್ಯಾಗ್ನೆಟ್ ಬರೋದು ನಿಂತಾಗ ಕಸ್ಟಮರ್ ಶೆಡ್ಯೂಲ್ ಅರ್ಧಕ್ಕೆ ಇಳಿಸಿದ್ರು, ಗ್ರೈಂಡಿಂಗ್ ಆಗಿ ತುಕ್ಕು ಹಿಡೀದಂಗೆ ಎಣ್ಣೆ ಹಚ್ಚಿಟ್ಟಿದ್ದ ಶಾಫ್ಟ್ ಎಲ್ಲಾ ಕ್ರೇಟಲ್ಲೇ ಉಳೀತು, ಸ್ಟೀಲಿನ ದುಡ್ಡು ಮಾತ್ರ ನಾವು ಕೊಟ್ಟಾಗಿತ್ತು. ಇಷ್ಟು ದೊಡ್ಡ ಕಂಪನಿಗಳಿಗೆ ಆರು ತಿಂಗಳ ಮ್ಯಾಗ್ನೆಟ್ ಸ್ಟಾಕ್ ಇಟ್ಕೊಳ್ಳೋಕೆ ಏನು ಕಷ್ಟ? ಬೇರೆ ಕಡೆಯಿಂದ ಯಾಕೆ ತರ್ಸಲ್ಲ?

ಮೋಟಾರ್_ಡಿಸೈನ್:
ಬೇರೆ ಕಡೆ ಅಂದ್ರೆ ಎಲ್ಲಿಂದ ಸರ್? ರೇರ್ ಅರ್ತ್ (ನಿಯೋಡಿಮಿಯಂನಂಥ ಲೋಹಗಳು) ಮ್ಯಾಗ್ನೆಟ್ಟಲ್ಲಿ ಸುಮಾರು 90% ಚೀನಾದಲ್ಲೇ ಆಗೋದು. ಮೋಟಾರ್ ಕಾದಾಗ ನಿಯೋಡಿಮಿಯಂ ಮ್ಯಾಗ್ನೆಟ್ಟಿನ ಶಕ್ತಿ ಇಳೀಬಾರ್ದು ಅಂತ ಸ್ವಲ್ಪ ಡಿಸ್ಪ್ರೋಸಿಯಂ, ಟರ್ಬಿಯಂ ಅನ್ನೋ ಬೇರೆ ರೇರ್ ಅರ್ತ್ ಸೇರಿಸ್ತಾರೆ, 2025 ಏಪ್ರಿಲ್ 4ಕ್ಕೆ ಚೀನಾ ರಫ್ತು ಲೈಸೆನ್ಸ್ ಹಾಕಿದ್ದು ಇವೆರಡೂ ಸೇರಿ ಏಳು ಧಾತುಗಳಿಗೆ. ಬ್ಯಾನ್ ಅಲ್ಲ, ಆದ್ರೆ ಯಾರು ಯಾತಕ್ಕೆ ಬಳಸ್ತಾರೆ ಅಂತ ಕಾಗದಪತ್ರ ಕೊಟ್ಟು ಕಾಯ್ಬೇಕು. ರೇರ್ ಅರ್ತ್ ಇಲ್ಲದ ಫೆರೈಟ್ ಮ್ಯಾಗ್ನೆಟ್ ಹಾಕಿದ್ರೆ ಅದೇ ಟಾರ್ಕಿಗೆ ಮೋಟಾರ್ ದಪ್ಪ ಆಗುತ್ತೆ, ನಿಮ್ಮ ಶಾಫ್ಟ್ ಡ್ರಾಯಿಂಗೂ ಬದಲಾಗುತ್ತೆ, ಟೆಸ್ಟಿಂಗ್ ಮತ್ತೆ ಮೊದಲಿಂದ. ಕೇರಳ, ಒಡಿಶಾ ತೀರದ ಮರಳಲ್ಲಿ ನಮ್ಮ ಸರ್ಕಾರಿ ಕಂಪನಿ ಐಆರ್‌ಇಎಲ್ ರೇರ್ ಅರ್ತ್ ತೆಗೆಯುತ್ತೆ ನಿಜ, ಅದನ್ನ ಮ್ಯಾಗ್ನೆಟ್ ಮಾಡೋ ಫ್ಯಾಕ್ಟರಿಗಳೇ ನಮ್ಮಲ್ಲಿ ಬೆಳೀಲಿಲ್ಲ.

ಲೈನ್_ಪ್ಲಾನಿಂಗ್:
ಸ್ಟಾಕ್ ವಿಷಯಕ್ಕೆ ಬಂದ್ರೆ, 1997 ಫೆಬ್ರವರಿ 1ರಂದು ಜಪಾನಿನ ಕರಿಯಾದಲ್ಲಿ ಐಸಿನ್ ಅನ್ನೋ ಬಿಡಿಭಾಗ ಕಂಪನಿಯ ಫ್ಯಾಕ್ಟರಿಗೆ ಬೆಂಕಿ ಬಿತ್ತು. ಬ್ರೇಕಿಗೆ ಹಾಕೋ ಒಂದು ಸಣ್ಣ ವಾಲ್ವ್, ಟೊಯೋಟಾಗೆ ಹೆಚ್ಚುಕಮ್ಮಿ ಪೂರ್ತಿ ಅಲ್ಲಿಂದಲೇ ಹೋಗ್ತಿತ್ತು, ಜಸ್ಟ್ ಇನ್ ಟೈಮ್ (ಬೇಕಾದಾಗ ಬೇಕಾದಷ್ಟೇ ತರಿಸೋದು) ಅಂತ ಕೈಯಲ್ಲಿ ಹೆಚ್ಚು ಸ್ಟಾಕ್ ಇರ್ಲಿಲ್ಲ, ಜಪಾನಿನಲ್ಲಿದ್ದ ಟೊಯೋಟಾ ಫ್ಯಾಕ್ಟರಿಗಳು ಬಹುಪಾಲು ನಿಂತ್ವು. ಒಂದು ವಾರದೊಳಗೆ ಲೈನ್ ಎದ್ದಿದ್ದು ಹೇಗೆ ಗೊತ್ತಾ, ನಿಮ್ಮಂಥ ಸಣ್ಣ ಶಾಪ್‌ಗಳು, ಹೊಲಿಗೆ ಮಷೀನ್ ಮಾಡೋ ಬ್ರದರ್ ಕಂಪನಿ ಕೂಡ, ಡ್ರಾಯಿಂಗ್ ಇಸ್ಕೊಂಡು ವಾಲ್ವ್ ಕೊರೆದು ಕೊಟ್ರು. 2011ರ ಭೂಕಂಪ ಆದ್ಮೇಲೆ ಟೊಯೋಟಾ ಚಿಪ್‌ಗಳನ್ನ ಎರಡರಿಂದ ಆರು ತಿಂಗಳಿಗಾಗೋಷ್ಟು ಇಟ್ಟಿರಿ ಅಂತ ಸಪ್ಲೈಯರ್‌ಗಳಿಗೇ ಹೇಳ್ತು, ಹಾಗಾಗಿ 2021ರ ಚಿಪ್ ಬರಗಾಲದಲ್ಲಿ ಮೊದಮೊದಲು ಬೇರೆಯವರಿಗಿಂತ ತಡ್ಕೊಂಡ್ರು. ಅಂದ್ರೆ ಸ್ಟಾಕ್ ಇಡ್ಬಹುದು, ಯಾರ ದುಡ್ಡಲ್ಲಿ ಅನ್ನೋದೇ ಪ್ರಶ್ನೆ. ಇಲ್ಲಿ ಅದು ಯಾವಾಗ್ಲೂ ಕೊನೇ ವೆಂಡರ್ ತಲೆ ಮೇಲೇ ಬೀಳುತ್ತೆ, ಇದು ಅನ್ಯಾಯ.

ಲೆಕ್ಕಪತ್ರ_ಹಾಸನ:
ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡೋ ಉದ್ಯಮ್ ರಿಜಿಸ್ಟ್ರೇಷನ್ ಇದ್ರೆ 45 ದಿನದಲ್ಲಿ ಪೇಮೆಂಟ್ ಆಗ್ಬೇಕು ಅಂತ ಕಾನೂನಿದೆ, ಆದ್ರೆ ಅದು ಅವರು ತಗೊಂಡ ಮಾಲಿಗೆ, ನಿಮ್ಮ ಕ್ರೇಟಲ್ಲಿರೋದಕ್ಕಲ್ಲ. ಪಿಒದಲ್ಲೇ (ಪರ್ಚೇಸ್ ಆರ್ಡರ್) ಬರೆಸ್ಕೊಳ್ಳಿ, ಇಷ್ಟು ವಾರದ ಶೆಡ್ಯೂಲ್ ಫರ್ಮ್, ಬದಲಾಯಿಸೋಹಾಗಿಲ್ಲ, ಅದಕ್ಕೆ ತರಿಸಿದ ಸ್ಟೀಲ್ ಅವರ ಹೊಣೆ ಅಂತ.

ಪೀಣ್ಯ_ಸಿಎನ್‌ಸಿ:
ಥ್ಯಾಂಕ್ಸ್ ಎಲ್ಲರಿಗೂ. ಮುಂದಿನ ಪಿಒಗೆ ಇದನ್ನ ಕೇಳೇ ಕೇಳ್ತೀನಿ, ಯಾರಾದ್ರೂ ಈಗಾಗ್ಲೇ ಬರೆಸ್ಕೊಂಡಿದ್ರೆ ಒಕ್ಕಣೆ ಇಲ್ಲಿ ಹಾಕಿ.